ಸುಟ್ಟರೂ ಕೊಳೆತರೂ ಒಂದೇ ಅಲ್ವಾ? ನಮ್ಮ ಪಂಚಾಯತಿಗೆ ಒಂದು ಬಹಿರಂಗ ಪತ್ರ

ಗ್ರಾಮ ಪಂಚಾಯತಿನ ಅಧ್ಯಕ್ಷರಿಗೆ, ಎಲ್ಲ ವಾರ್ಡುಗಳ ಸದಸ್ಯರಿಗೆ, ಕೃಷಿ ಭವನದ ಅಧಿಕಾರಿಗಳಿಗೆ ಮತ್ತು ಊರಿನ ಸಮಸ್ತರಿಗೆ ನಮಸ್ಕಾರಗಳು.

ಕಳೆದ ಗ್ರಾಮಸಭೆಯಲ್ಲಿ ತರಗೆಲೆಗೆ ಬೆಂಕಿ ಕೊಡುವ ವಿಷಯ ಬಂತು. ರಸ್ತೆ ಬದಿಯ ಕಾಡು ಸವರಿದ ಮೇಲೆ ಅಲ್ಲಲ್ಲೇ ರಾಶಿ ಹಾಕಿ ಸುಡುತ್ತಾರೆ, ಅದನ್ನು ನಿಲ್ಲಿಸಿ ಎಂದು ನಾನು ಕೇಳಿಕೊಂಡೆ. ಆಗ ಸದಸ್ಯರೊಬ್ಬರು ಎದ್ದು ಕೇಳಿದರು: "ಮಾಷ್ಟ್ರೇ, ಎಲೆ ಸುಟ್ಟರೆ ಅದರ ಕಾರ್ಬನ್ ಗಾಳಿಗೆ ಹೋಗುತ್ತದೆ. ಸುಡದೆ ಬಿಟ್ಟರೆ ಕೊಳೆತು ಅದೂ ಗಾಳಿಗೇ ಹೋಗುತ್ತದೆ. ಸುಟ್ಟರೂ ಕೊಳೆತರೂ ಒಂದೇ ಅಲ್ವಾ?" ಕೆಲವರು ಹೌದು ಹೌದು ಎಂದರು. ಹೊತ್ತು ಮೀರಿತ್ತು, ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಅದು ಸುಮ್ನೆ ಬಾಯಿ ಮುಚ್ಚಿಸಲು ಹಾಕಿದ ಪ್ರಶ್ನೆಯಲ್ಲ. ಯೋಚಿಸಿ ಕೇಳಿದ್ದು. ಅರ್ಧ ಸರಿಯೂ ಹೌದು. ಆದರೆ ಉಳಿದ ಅರ್ಧದಲ್ಲಿ ನಮ್ಮ ತೋಟ, ಗುಡ್ಡೆ, ಬಾವಿ ಎಲ್ಲವೂ ಸೇರಿಕೊಂಡಿವೆ. ಎರಡು ನಿಮಿಷದಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು, ಎಲೆಯೊಳಗೆ ಕಾರ್ಬನ್ ಬಂದದ್ದು ಎಲ್ಲಿಂದ? ತರಗತಿಯಲ್ಲಿ ಮಕ್ಕಳನ್ನು ಕೇಳುತ್ತೇನೆ: ಇಷ್ಟುದ್ದ ಅಡಕೆ ಮರ ಯಾವುದರಿಂದ ಆಗಿದೆ? ಹೆಚ್ಚಿನವರು ಮಣ್ಣಿನಿಂದ ಎನ್ನುತ್ತಾರೆ. ದೊಡ್ಡವರನ್ನು ಕೇಳಿದರೂ ಅದೇ ಉತ್ತರ. ಬೆಲ್ಜಿಯಂ ಕಡೆಯ ಯಾನ್ ಬಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಎಂಬ ವೈದ್ಯ ಇದನ್ನು ತೂಗಿಯೇ ನೋಡಿದ. 200 ಪೌಂಡ್ ಒಣ ಮಣ್ಣು ತುಂಬಿದ ಕುಂಡದಲ್ಲಿ 5 ಪೌಂಡಿನ ವಿಲೋ ಗಿಡ ನೆಟ್ಟು ಬರೀ ನೀರು ಹಾಕಿದ. ಐದು ವರ್ಷದಲ್ಲಿ ಮರ 169 ಪೌಂಡಾಯಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಬರೀ 2 ಔನ್ಸು. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತಿಳಿದ. ಅವನು ತೀರಿಹೋದ ಮೇಲೆ, 1648ರಲ್ಲಿ, ಅದು ಅಚ್ಚಾಯಿತು. ಗಾಳಿಯ ಲೆಕ್ಕ ಅವನಿಗೆ ಸಿಕ್ಕಿರಲಿಲ್ಲ. ಗಿಡ ಹಾಳಾದ ಗಾಳಿಯನ್ನು ಸರಿಮಾಡುತ್ತದೆ ಎಂದು ಜೋಸೆಫ್ ಪ್ರೀಸ್ಟ್ಲಿ ಕಂಡದ್ದು 1771ರಲ್ಲಿ. ಅದಕ್ಕೆ ಬೆಳಕು ಬೇಕು ಎಂದು ಯಾನ್ ಇಂಗೆನ್‌ಹೌಸ್ ತೋರಿಸಿದ್ದು 1779ರಲ್ಲಿ.

ಈಗ ನಮಗೆ ಗೊತ್ತು. ಎಲೆಯ ಅಡಿಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿಂದ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗುತ್ತದೆ. ಬಿಸಿಲಿನ ಬಲದಿಂದ ಎಲೆ ಅದನ್ನೂ ನೀರನ್ನೂ ಸೇರಿಸಿ ಸಕ್ಕರೆ ಮಾಡುತ್ತದೆ. ಸಕ್ಕರೆಯಿಂದ ನಾರು, ಹಾಳೆ, ಸೋಗೆ, ಕಾಂಡ, ಅಡಕೆ. ಒಣಗಿದ ಗಿಡದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕಾರ್ಬನ್ನೇ. ಅಷ್ಟೂ ಗಾಳಿಯಿಂದ ಬಂದದ್ದು. ಮಣ್ಣು ಕೊಡುವುದು ಸ್ವಲ್ಪವೇ ಉಪ್ಪಿನಂಶ, ಆದರೆ ಅದಿಲ್ಲದೆ ಮರ ಏಳುವುದಿಲ್ಲ.

ಗಿಡವೂ ನಮ್ಮಂತೆ ಉಸಿರಾಡುತ್ತದೆ. ಮಾಡಿದ ಸಕ್ಕರೆಯಲ್ಲಿ ಸುಮಾರು ಅರ್ಧವನ್ನು ತನ್ನ ಜೀವನಕ್ಕೇ ಉರಿಸುತ್ತದೆ. ಉಳಿದದ್ದನ್ನು ನಾವು, ಹಟ್ಟಿಯ ದನ, ಹುಳ, ಶಿಲೀಂಧ್ರ, ಬ್ಯಾಕ್ಟೀರಿಯಾ ತಿಂದು ಉಸಿರಿನಲ್ಲಿ ವಾಪಸು ಗಾಳಿಗೆ ಬಿಡುತ್ತೇವೆ. ಭೂಮಿಯ ಮೇಲಿನ ಗಿಡಮರಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 12,000 ಕೋಟಿ ಟನ್ ಕಾರ್ಬನ್ ಎಳೆದುಕೊಳ್ಳುತ್ತವೆ. ಗಾಳಿಯಲ್ಲಿರುವ ಕಾರ್ಬನ್ ಒಟ್ಟು ಸುಮಾರು 87,000 ಕೋಟಿ ಟನ್. ಅಂದರೆ ಏಳೆಂಟು ವರ್ಷದಲ್ಲಿ ಇಡೀ ಗಾಳಿಯಷ್ಟು ಕಾರ್ಬನ್ ಹಸಿರೆಲೆಯೊಳಗೆ ಹೊಕ್ಕು ಬರುತ್ತದೆ. ಇದು ನಿಲ್ಲದ ಸುತ್ತು.

ಈ ಸುತ್ತು ನಮ್ಮ ಹರಿವಾಣದಲ್ಲೂ ಇದೆ. ವೀಳ್ಯದೆಲೆ, ಅಡಕೆ ಗಾಳಿಯಿಂದ ಆದದ್ದು. ಸುಣ್ಣ? ಅಳಿವೆಯಲ್ಲಿ ಮರುವಾಯಿ ಎಂಬ ಚಿಪ್ಪಿನ ಜೀವಿ ತನ್ನ ಚಿಪ್ಪನ್ನು ಕಟ್ಟುವುದು ನೀರಿನಲ್ಲಿ ಕರಗಿದ ಕಾರ್ಬನ್ ಹಿಡಿದು. ಆ ಚಿಪ್ಪನ್ನು ಗೂಡಿನಲ್ಲಿ ಸುಟ್ಟರೆ 100 ಕಿಲೋದಲ್ಲಿ 44 ಕಿಲೋ ಕಾರ್ಬನ್ ಡೈಆಕ್ಸೈಡಾಗಿ ಹಾರಿಹೋಗುತ್ತದೆ. ಉಳಿದದ್ದಕ್ಕೆ ನೀರು ಹಾಕಿದರೆ ಸುಣ್ಣ. ಅದನ್ನೇ ಗೋಡೆಗೆ ಬಳಿದರೆ ನಿಧಾನಕ್ಕೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಚಿಪ್ಪಿನದೇ ಗಟ್ಟಿ ವಸ್ತುವಾಗುತ್ತದೆ. ಹಳೇ ಮನೆಗಳ ಸುಣ್ಣದ ಗೋಡೆ ಕೈಗೆ ಹತ್ತದೆ ನಿಂತದ್ದು ಹೀಗೆ. ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕು.

ಇಡೀ ಭೂಮಿಯ ಉಸಿರನ್ನು ಅಳೆದವರೂ ಇದ್ದಾರೆ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯಲು ಶುರು ಮಾಡಿದರು. ಅಳತೆ ಇವತ್ತಿಗೂ ನಡೆಯುತ್ತಿದೆ. ಅದು ವರ್ಷದಲ್ಲಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಏರುವುದು ಮೇ ತಿಂಗಳವರೆಗೆ, ಹೆಚ್ಚು ಕಮ್ಮಿ ನಮ್ಮ ಪತ್ತನಾಜೆಯ ಹೊತ್ತಿಗೆ ತುದಿ ಮುಟ್ಟುತ್ತದೆ. ಆಮೇಲೆ ಉತ್ತರಾರ್ಧದ ದೊಡ್ಡ ಕಾಡುಗಳೆಲ್ಲ ಚಿಗುರಿ ಕಾರ್ಬನ್ ಎಳೆದುಕೊಳ್ಳುತ್ತವೆ. ನವರಾತ್ರಿಯ ಆಸುಪಾಸಿಗೆ ತೀರಾ ಕೆಳಗೆ ಇಳಿದಿರುತ್ತದೆ. ಎಲೆ ಉದುರಿ ಕೊಳೆಯುವಾಗ ಮತ್ತೆ ಏರು. ಹೀಗೆ ಏರಿಳಿದರೂ ಬಂದು ನಿಲ್ಲುವ ಜಾಗ ವರ್ಷ ವರ್ಷ ಮೇಲಕ್ಕೇ ಹೋಗುತ್ತಿದೆ. 1958ರಲ್ಲಿ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇತ್ತು. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಸುಮಾರು 280. ಈಗ 420 ದಾಟಿದೆ.

ಹೀಗೆ ಏರಲು ಮುಖ್ಯ ಕಾರಣ ನಮ್ಮ ತರಗೆಲೆಯಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗಬೇಕು. ಕೋಟಿಗಟ್ಟಲೆ ವರ್ಷಗಳ ಹಿಂದೆ ಬದುಕಿದ್ದ ಗಿಡ, ಸಮುದ್ರದ ಸೂಕ್ಷ್ಮ ಜೀವಿ ಹೂತುಹೋಗಿ ಕಲ್ಲಿದ್ದಲು, ಪೆಟ್ರೋಲು ಆದವು. ಆ ಕಾರ್ಬನ್ ಸುತ್ತಿನಿಂದ ಹೊರಗಿತ್ತು. ಅದನ್ನು ಅಗೆದು ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಕಾರ್ಬನ್ ಗಾಳಿಗೆ ಸೇರಿಸುತ್ತಿದ್ದೇವೆ. ಅದರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿಯನ್ನು ಸಮುದ್ರವೂ ಕಾಡು ಮಣ್ಣುಗಳೂ ಎಳೆದುಕೊಳ್ಳುತ್ತಿವೆ. ಉಳಿದದ್ದು ಗಾಳಿಯಲ್ಲೇ ಕೂತಿದೆ. ಸಮುದ್ರ ಪುಕ್ಕಟೆಯಾಗಿ ತೆಗೆದುಕೊಳ್ಳುತ್ತಿಲ್ಲ, ಅದರ ನೀರು ಹುಳಿಯ ಕಡೆ ವಾಲುತ್ತಿದೆ. ಆಗ ಚಿಪ್ಪು ಕಟ್ಟುವ ಜೀವಿಗಳಿಗೆ ಕಷ್ಟ.

ಎಲೆಯ ಕಾರ್ಬನ್ ಹಾಗಲ್ಲ. ಹೋದ ವರ್ಷ ಗಾಳಿಯಲ್ಲಿದ್ದದ್ದು ಈ ವರ್ಷ ಎಲೆ, ಮುಂದಿನ ವರ್ಷ ಮತ್ತೆ ಗಾಳಿ. ಇಷ್ಟರ ಮಟ್ಟಿಗೆ ಸದಸ್ಯರ ಮಾತು ಸರಿ. ಇಡೀ ಪಂಚಾಯತಿನ ತರಗೆಲೆ ಉಳಿಸಿದರೂ ಒಂದು ದೊಡ್ಡ ಕಲ್ಲಿದ್ದಲು ಸ್ಥಾವರದ ಹೊಗೆಗೆ ಅದು ಸಾಟಿಯಲ್ಲ. ಹಾಗಾದರೆ ನನಗೆ ಯಾಕಿಷ್ಟು ಸಂಕಟ?

ಯಾಕೆಂದರೆ ಎಲೆಯಿಂದ ಗಾಳಿಗೆ ಹೋಗುವ ದಾರಿ ಎರಡಿವೆ. ಒಂದು ಬೆಂಕಿಯ ದಾರಿ, ಅರ್ಧ ಗಂಟೆಯದ್ದು. ಇನ್ನೊಂದು ಮಣ್ಣಿನ ದಾರಿ. ಇದಕ್ಕೆ ತಿಂಗಳುಗಳು, ವರ್ಷಗಳು, ಕೆಲವೊಮ್ಮೆ ನೂರಾರು ವರ್ಷ. ದಾರಿಯುದ್ದಕ್ಕೂ ಆ ಕಾರ್ಬನ್ ಯಾರ್ಯಾರ ಹೊಟ್ಟೆಗೋ ಆಗುತ್ತದೆ.

ಒಂದು ಕೆಲಸ ಮಾಡಿ. ಮಳೆ ಸ್ವಲ್ಪ ಬಿಟ್ಟ ದಿನ ತೋಟದಲ್ಲಿ ತರಗೆಲೆ ದಪ್ಪ ಬಿದ್ದ ಜಾಗಕ್ಕೆ ಹೋಗಿ. ಮೇಲಿನ ಪದರ ಕೈಯಲ್ಲಿ ಸರಿಸಿ. ಮೇಲೆ ಒಣಗಿದ ಇಡೀ ಎಲೆಗಳು. ಅದರ ಕೆಳಗೆ ಒದ್ದೆ ಎಲೆ, ನರಗಳು ಮಾತ್ರ ಉಳಿದ ಬಲೆಯಂಥದ್ದು. ಎಲೆಯಿಂದ ಎಲೆಗೆ ಬಿಳಿ ನೂಲು ಹರಡಿರುತ್ತದೆ. ಅದು ಶಿಲೀಂಧ್ರ. ಚೋರಟೆ ಸುರುಟಿಕೊಂಡು ಬಿದ್ದಿರುತ್ತದೆ. ಇನ್ನೂ ಕೆಳಗೆ ಎಲೆ ಯಾವುದು ಮಣ್ಣು ಯಾವುದು ಎಂದು ಹೇಳಲಾಗದ ಕಪ್ಪು ಪುಡಿ, ಅದರಲ್ಲಿ ಎರೆಹುಳದ ಹಿಕ್ಕೆ, ಅಡಕೆಯ ಬಿಳಿ ಎಳೆ ಬೇರು ಮೇಲಕ್ಕೆ ಬಂದು ಆ ಪುಡಿಯೊಳಗೇ ಹೊಕ್ಕಿರುತ್ತದೆ. ನಾವು ಸಲಾಕೆ ಹಾಕಿ ಬಿಡಿಸಿ ಗೊಬ್ಬರ ಕೊಡುತ್ತೇವೆ. ಬೇರು ತಾನಾಗಿ ಎಲ್ಲಿಗೆ ಬರುತ್ತದೆ ಅಂತ ಅಲ್ಲಿ ಕಾಣುತ್ತದೆ. ಮೂಗಿನ ಹತ್ತಿರ ಹಿಡಿದು ನೋಡಿ, ಮೊದಲ ಮಳೆಯ ಮಣ್ಣಿನ ವಾಸನೆ.

ಇನ್ನು ಗುಡ್ಡೆಯಲ್ಲಿ ಗೆದ್ದಲ ಹುತ್ತ. ಗೆದ್ದಲು ಎಂದರೆ ನಮಗೆ ಸಿಟ್ಟು, ಮನೆಯ ಪಕಾಸು ತಿನ್ನುತ್ತದೆ ಅಂತ. ಆದರೆ ಹುತ್ತ ಕಟ್ಟುವ ಗೆದ್ದಲು ತರಗೆಲೆ, ಒಣ ಕಡ್ಡಿ ಜಗಿದು ಒಳಗೆ ಒಯ್ದು ಅದರ ಮೇಲೆ ಶಿಲೀಂಧ್ರ ಬೆಳೆಸುತ್ತದೆ. ಮಳೆಗಾಲದಲ್ಲಿ ಅದೇ ಶಿಲೀಂಧ್ರ ಮೇಲೆ ಬಂದು ಅಣಬೆಯಾಗಿ ಅರಳುತ್ತದೆ. ಒಳ್ಳೆಯ ಹುತ್ತದ ಜಾಗ ಗೊತ್ತಿದ್ದವರು ಅದನ್ನು ಯಾರಿಗೂ ಹೇಳದೆ ಬೆಳಿಗ್ಗೆ ಬೇಗ ಎದ್ದು ಹೋಗುತ್ತಾರಲ್ಲ, ಅದೇ ಅಣಬೆ. ನಾವು ಉಣ್ಣುವ ಅಣಬೆ ಸಾರಿನ ಕಾರ್ಬನ್ ಎರಡು ವರ್ಷದ ಹಿಂದೆ ಗೇರು ಮರದ ತರಗೆಲೆಯಾಗಿದ್ದಿರಬಹುದು. ಎಲೆ ಸುಟ್ಟ ಗುಡ್ಡೆಯಲ್ಲಿ ಗೆದ್ದಲಿಗೇ ಉಣ್ಣಲು ಏನಿದೆ?

ಕೊಳೆಯುವಾಗ ಬಹುಪಾಲು ಕಾರ್ಬನ್ ಗಾಳಿಗೆ ಹೋಗುವುದು ನಿಜ. ನಮ್ಮ ಬಿಸಿಲು ಮಳೆಗೆ ಎಲೆ ಬೇಗ ಕರಗುತ್ತದೆ. ಆದರೆ ಒಂದು ಪಾಲು ಉಳಿಯುತ್ತದೆ. ಎಲೆ ತಿಂದ ಸೂಕ್ಷ್ಮಜೀವಿಗಳು ಸತ್ತಾಗ ಅವುಗಳ ದೇಹದ ಅಂಶ ಮಣ್ಣಿನ ಕಣಗಳಿಗೆ ಅಂಟುತ್ತದೆ. ನಮ್ಮ ಮುರಕಲ್ಲಿನ ಮಣ್ಣಿಗೆ ಕೆಂಪು ಬಣ್ಣ ಕೊಟ್ಟ ಕಬ್ಬಿಣದ ಅಂಶ ಈ ಕೆಲಸದಲ್ಲಿ ಗಟ್ಟಿಗ, ಕಾರ್ಬನ್ನನ್ನು ಹಿಡಿದುಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಹೀಗೆ ಉಳಿದದ್ದು ಕಮ್ಮಿಯೇನಲ್ಲ. ಲೋಕದ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1,50,000 ಕೋಟಿ ಟನ್ ಕಾರ್ಬನ್ ಇದೆ. ಗಾಳಿಯಲ್ಲಿರುವುದನ್ನೂ ಎಲ್ಲ ಗಿಡಮರಗಳಲ್ಲಿರುವುದನ್ನೂ ಕೂಡಿಸಿದರೂ ಅಷ್ಟಾಗುವುದಿಲ್ಲ. ಕಾರ್ಬನ್ ಅಂದ ಕೂಡಲೇ ನಾವು ಮೇಲೆ ಮರದ ಕಡೆ ನೋಡುತ್ತೇವೆ. ದೊಡ್ಡ ಭಂಡಾರ ಕಾಲ ಕೆಳಗಿದೆ.

ಬೆಂಕಿಯ ದಾರಿ ಹೇಗಿದೆ? ಒಂದು ಕಿಲೋ ಒಣ ಎಲೆ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ. ರಾಶಿ ಅರ್ಧಂಬರ್ಧ ಒದ್ದೆಯಿದ್ದು ಹೊಗೆಯಾಡಿದರೆ ಕಾರ್ಬನ್ ಮೊನಾಕ್ಸೈಡು, ಮೀಥೇನು, ಮಸಿ. ಈ ಮಸಿಯೇ ಕಫ ಕಟ್ಟಿದ ಅಜ್ಜನ ಎದೆಗೂ ತೊಟ್ಟಿಲಿನ ಮಗುವಿನ ಎದೆಗೂ ಇಳಿಯುವುದು. ಎಲೆಯ ಸಾರಜನಕ ಹೆಚ್ಚು ಕಡಿಮೆ ಎಲ್ಲ ಹಾರಿಹೋಗುತ್ತದೆ, ಆಮೇಲೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಯೂರಿಯಾ ತರುತ್ತೇವೆ. ಬೂದಿಯಲ್ಲಿ ಪೊಟ್ಯಾಷ್ ಇದೆ ಎನ್ನುವಿರಿ, ಹೌದು. ಆದರೆ ಬೋಳು ಇಳಿಜಾರಿನಲ್ಲಿ ಬಿದ್ದ ಬೂದಿ ಜೂನ್‌ನ ಮೊದಲ ಜೋರು ಮಳೆಗೆ ತೋಡು ಸೇರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಎಲೆಯ ಹೊದಿಕೆ ಇಲ್ಲದ ಮಣ್ಣಿಗೆ ಆ ಹನಿ ಬಡಿದರೆ ಮಣ್ಣೂ ಹೋಗುತ್ತದೆ, ಅದರೊಳಗೆ ಸೇರಿಕೊಂಡಿದ್ದ ಹಳೇ ಕಾರ್ಬನ್ನೂ ಹೋಗುತ್ತದೆ. ನೀರು ಇಂಗುವುದೂ ಇಲ್ಲ. ಮುರಕಲ್ಲಿನ ಗುಡ್ಡೆ ಕೊರೆದು ಸುರಂಗ ಮಾಡಿ ನೀರು ತಂದ ಊರಿನವರು ನಾವು. ಗುಡ್ಡೆಯ ಮೇಲೆ ನೀರು ಇಂಗದಿದ್ದರೆ ಸುರಂಗಕ್ಕೆ ಎಲ್ಲಿಂದ ಬರಬೇಕು?

ಬೆಂಕಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಬಚ್ಚಲ ಒಲೆಗೆ ಹಾಕುವ ಸೋಗೆ, ಸಿಪ್ಪೆಯ ಬಗ್ಗೆ ತಕರಾರಿಲ್ಲ. ಅಲ್ಲಿ ಆ ಬೆಂಕಿಗೆ ಕೆಲಸವಿದೆ, ಅಷ್ಟು ಗ್ಯಾಸೋ ಕರೆಂಟೋ ಉಳಿಯುತ್ತದೆ. ತರಕಾರಿಗೆ ಸುಡುಮಣ್ಣು ಮಾಡುವುದೂ ಬೇರೆ. ಅದು ಸಣ್ಣ ರಾಶಿ, ಮೇಲೆ ಮಣ್ಣು ಮುಚ್ಚಿರುತ್ತಾರೆ, ಎಲೆ ಪೂರ್ತಿ ಉರಿಯದೆ ಸ್ವಲ್ಪ ಕರಿಯಾಗಿ ಮಣ್ಣಿಗೇ ಉಳಿಯುತ್ತದೆ. ನನ್ನ ಮಾತು ಯಾರಿಗೂ ಉಪಯೋಗವಿಲ್ಲದ ಬೆಂಕಿಯ ಬಗ್ಗೆ. ಕಾಡು ಸವರಿದ್ದಕ್ಕೆ, ಅಂಗಳ ಗುಡಿಸಿದ್ದಕ್ಕೆ, ಮುಳಿಹುಲ್ಲು ಒಣಗಿದ್ದಕ್ಕೆ, ಕಣ್ಣಿಗೆ ಚೊಕ್ಕ ಕಾಣಲಿ ಎಂದು ಕೊಡುವ ಬೆಂಕಿ. ಅದರಲ್ಲಿ ಎಷ್ಟೋ ಸಲ ಪ್ಲಾಸ್ಟಿಕ್ಕೂ ಸೇರಿರುತ್ತದೆ.

ನಮ್ಮ ಹಿರಿಯರಿಗೆ ಕಾರ್ಬನ್ ಎಂಬ ಮಾತು ಗೊತ್ತಿರಲಿಲ್ಲ. ಸೊಪ್ಪಿನ ಬೆಲೆ ಗೊತ್ತಿತ್ತು. 1956ರವರೆಗೆ ಕಾಸರಗೋಡಿನ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. ಆ ಜಿಲ್ಲೆಯ ಕಂದಾಯ ಪದ್ಧತಿಯಲ್ಲಿ ಹಳೇ ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಸ್ವಂತ ಜಮೀನಿನ ಸುತ್ತ ನೂರು ಗಜದವರೆಗಿನ ಸರ್ಕಾರಿ ಭೂಮಿಗೆ ಕುಮ್ಕಿ ಹಕ್ಕು ಇತ್ತು. ಸೊಪ್ಪು, ಹುಲ್ಲು, ಸೌದೆ ತರಲು. ಗದ್ದೆ ತೋಟ ನಡೆಯಬೇಕಾದರೆ ಪಕ್ಕದಲ್ಲಿ ಗುಡ್ಡೆ ಬೇಕೇ ಬೇಕು ಎಂದು ಕಾನೂನೇ ಒಪ್ಪಿತ್ತು. ಗುಡ್ಡೆಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ. ಹಟ್ಟಿಗಳು ಖಾಲಿಯಾದ ಮೇಲೆ ಸೊಪ್ಪು ಕಸವಾಯಿತು, ಗುಡ್ಡೆ ಜೆಸಿಬಿಗೆ ಸಿಕ್ಕಿತು.

ಗಾಳಿಗೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು 2000ದಲ್ಲಿ ನಿಂತಿತು. ದೇಶದಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಅದರ ನೋವು ಉಣ್ಣುತ್ತಿರುವ ಮನೆಗಳು ಇವತ್ತಿಗೂ ಇವೆ. ತರಗೆಲೆಯ ಹೊಗೆಯನ್ನು ಅದಕ್ಕೆ ಹೋಲಿಸುತ್ತಿಲ್ಲ, ಹೋಲಿಸಲೂ ಬಾರದು. ಆದರೆ ಗಾಳಿ, ನೀರು, ಮಣ್ಣು, ಮೈ ಬೇರೆ ಬೇರೆಯಲ್ಲ ಎಂಬುದನ್ನು ಇಷ್ಟು ಬೆಲೆ ಕೊಟ್ಟು ಕಲಿತವರು ಗಾಳಿಯ ವಿಷಯದಲ್ಲಿ ಉಳಿದವರಿಗಿಂತ ಒಂದು ಹೆಜ್ಜೆ ಮುಂದಿರಬೇಕು.

ಈಗ ಪಂಚಾಯತಿನ ಯೋಜನೆಗೆ ಬರುತ್ತೇನೆ. ವಯನಾಡಿನ ಮೀನಂಗಾಡಿ ಪಂಚಾಯತು 2016ರಲ್ಲೇ ಕಾರ್ಬನ್ ಸಮತೋಲದ, ಅಂದರೆ ಗಾಳಿಗೆ ಬಿಟ್ಟಷ್ಟು ಕಾರ್ಬನ್ನನ್ನು ವಾಪಸು ಹಿಡಿಯುವ ಕೆಲಸಕ್ಕೆ ಇಳಿಯಿತು. 2050ಕ್ಕೆ ಇಡೀ ಕೇರಳ ಹಾಗಾಗಬೇಕು ಎಂಬುದು ಸರ್ಕಾರದ ಗುರಿ. ನಮ್ಮಲ್ಲೂ ಮಾತು ಶುರುವಾಗಿದೆ, ಸಂತೋಷ. ಆದರೆ ಸಭೆಯಲ್ಲಿ ಕೇಳಿಬಂದದ್ದು ಸಸಿಗಳ ಲೆಕ್ಕ ಮಾತ್ರ. ಪಾರೆಯ ಮೇಲೆ ಹೊಂಡ ತೋಡಿ ಅಕೇಶಿಯಾ ನೆಡುವ ಮಾತೂ ಬಂತು. ದಯವಿಟ್ಟು ಬೇಡ. ಬೇಸಿಗೆಯಲ್ಲಿ ಬೋಳು ಬಂಡೆಯಂತೆ ಕಾಣುವ ಪಾರೆ ಮಳೆ ಬಿದ್ದ ಕೂಡಲೇ ಹುಲ್ಲು, ಸಣ್ಣ ಸಣ್ಣ ಹೂಗಳಿಂದ ತುಂಬುತ್ತದೆ. ಅಲ್ಲಿಯ ಪಳ್ಳಗಳಲ್ಲಿ ನೀರು ನಿಂತು ಇಂಗುತ್ತದೆ. ಅದು ಪಾಳು ಜಾಗವಲ್ಲ. ಗಿಡ ನೆಡಲು ರಸ್ತೆ ಬದಿ ಇದೆ, ಶಾಲೆಯ ಜಾಗ ಇದೆ, ಮಾವು ಹಲಸು ನೆಡಿ.

ಸಸಿಯ ಜತೆಗೆ ಮಣ್ಣನ್ನೂ ಲೆಕ್ಕಕ್ಕೆ ತನ್ನಿ. ಅದಕ್ಕೆ ಹೊಸ ಯಂತ್ರ ಬೇಡ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ, ಅದರಲ್ಲಿ ಒಂದು ಸಾವಯವ ಕಾರ್ಬನ್. ಅರ್ಧ ಶೇಕಡಕ್ಕಿಂತ ಕೆಳಗಿದ್ದರೆ ಕಡಿಮೆ, ಮುಕ್ಕಾಲಕ್ಕಿಂತ ಮೇಲಿದ್ದರೆ ಒಳ್ಳೆಯದು. ಕಾರ್ಡು ಸಿಕ್ಕಿದವರು ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ನೋಡಿ ಗೊಬ್ಬರದ ಚೀಟಿ ಬರೆಸಿಕೊಂಡು ಅದನ್ನು ಕಪಾಟಿನೊಳಗೆ ಇಡುತ್ತಾರೆ. ಆ ಒಂದು ಸಾಲು ನೋಡಿ ಎಂದು ಹೇಳುವವರಿಲ್ಲ. ಎರಡೂವರೆ ಎಕ್ರೆ ತೋಟದ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಅದರ ಕಾರ್ಬನ್ 0.5 ಶೇಕಡದಿಂದ 0.6ಕ್ಕೆ ಏರಿದರೆ 2,000 ಕಿಲೋ ಕಾರ್ಬನ್ ಮಣ್ಣಿಗೆ ಸೇರಿದಂತೆ. ಕಾರ್ಬನ್ ಡೈಆಕ್ಸೈಡಿನ ಲೆಕ್ಕದಲ್ಲಿ 7,300 ಕಿಲೋ. 3,000 ಲೀಟರಿಗಿಂತ ಜಾಸ್ತಿ ಪೆಟ್ರೋಲು ಸುಟ್ಟರೆ ಬರುವಷ್ಟು. ಒಂದೇ ವರ್ಷದಲ್ಲಿ ಆಗುವುದಿಲ್ಲ. ಸೊಪ್ಪು, ಗೊಬ್ಬರ, ಮುಚ್ಚಿಗೆ ಬಿಡದೆ ಕೊಟ್ಟರೆ ನಿಧಾನಕ್ಕೆ ಆಗುತ್ತದೆ. ಬಿಟ್ಟರೆ ಇಳಿಯುತ್ತದೆ.

ಮಾಡುವ ವಿದ್ಯೆ ನಮ್ಮ ಬಾಗಿಲಲ್ಲೇ ಇದೆ. ಕೂಡ್ಲಿನಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ತೆಂಗಿನ ಮಡಲನ್ನು ಊರಿನದೇ ಎರೆಹುಳದಿಂದ ಗೊಬ್ಬರ ಮಾಡಿಸುವ ಕ್ರಮವನ್ನು ಅವರು ಬೆಳೆಸಿದ್ದಾರೆ. ನಮಗೆ ಬೇಕಾದದ್ದು ಅದನ್ನು ವಾರ್ಡಿಗೆ ತರುವುದು. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಕಾಡು ಸವರಿದಾಗ ಸುಡಬಾರದು, ಪಕ್ಕದ ಹೊಂಡಕ್ಕೆ ತುಂಬಬೇಕು ಎಂದು ಒಂದು ನಿರ್ಣಯ ಮಾಡಿ. ಅದೇ ಕೂಲಿಯಲ್ಲಿ ಹೊಂಡ ತೋಡಿಸಬಹುದು. ಕೆಲಸದವರನ್ನು ದೂರಬೇಡಿ, ಚೊಕ್ಕ ಮಾಡಿ ಎಂದು ಹೇಳಿದ್ದಕ್ಕೆ ಅವರು ಬೆಂಕಿ ಕೊಡುತ್ತಾರೆ. ಮಡಲು, ಸೋಗೆ ಪುಡಿ ಮಾಡುವ ಯಂತ್ರ ಒಂದನ್ನು ಕೃಷಿ ಭವನದಿಂದ ಬಾಡಿಗೆಗೆ ಸಿಗುವಂತೆ ಮಾಡಿ. ಸಣ್ಣ ತೋಟದವರು ಅದನ್ನು ಸ್ವಂತಕ್ಕೆ ಕೊಳ್ಳಲಾರರು. ಸಿಪ್ಪೆ ರಸ್ತೆ ಬದಿಗೆ ಬೀಳುವುದೂ ಆಗ ಕಡಿಮೆಯಾದೀತು.

ಇನ್ನೊಂದು ವಿಷಯವನ್ನು ಸ್ವಲ್ಪ ಬೇಸರದಿಂದಲೇ ಹೇಳುತ್ತೇನೆ. ಈ ಯೋಜನೆಯ ಕರಪತ್ರ ಮನೆಮನೆಗೆ ಬಂತು, ಮಲಯಾಳದಲ್ಲಿ ಮಾತ್ರ. ನಮ್ಮ ವಾರ್ಡಿನಲ್ಲಿ ಗುಡ್ಡೆಯ ಸಂಗತಿ ಚೆನ್ನಾಗಿ ಬಲ್ಲ ಎಷ್ಟೋ ಹಿರಿಯರು ಓದುವುದು ಕನ್ನಡ ಮಾತ್ರ. ಯಾವ ಮರದ ಸೊಪ್ಪು ಬೇಗ ಕರಗುತ್ತದೆ, ಯಾವ ಪಳ್ಳದಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ ಎಂದು ಹೇಳಬಲ್ಲವರು ಅವರೇ. ಕರಪತ್ರವನ್ನೂ ಅಳತೆಯ ಫಾರಮನ್ನೂ ಕನ್ನಡದಲ್ಲೂ ಕೊಡಿ. ಬರೆದು ಕೊಡಲು ಶಾಲೆಯ ನಾವು ಕೆಲವರು ತಯಾರಿದ್ದೇವೆ, ಸಂಬಳ ಬೇಡ.

ಜನವರಿ ಬಂದರೆ ಗೇರು, ಮಾವು ಹೂ ಬಿಡುತ್ತವೆ, ಗುಡ್ಡೆ ಒಣಗುತ್ತದೆ, ಬೆಂಕಿಯ ಕಾಲ ಶುರುವಾಗುತ್ತದೆ. ಅದಕ್ಕೆ ಮುಂಚಿನ ಗ್ರಾಮಸಭೆಯ ಪಟ್ಟಿಯಲ್ಲಿ ಈ ವಿಷಯವನ್ನು ಮೊದಲಿಗೇ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಬರುವವರು ತಮ್ಮ ಮಣ್ಣಿನ ಕಾರ್ಡು ಹುಡುಕಿ ತನ್ನಿ. ಒಂಬತ್ತನೇ ತರಗತಿಯ ಮಕ್ಕಳು ಎಲ್ಲ ಕಾರ್ಡುಗಳ ಸಾವಯವ ಕಾರ್ಬನ್ ಸಾಲು ಬರೆದುಕೊಂಡು ವಾರ್ಡುವಾರು ಸರಾಸರಿ ತೆಗೆದು ಅಲ್ಲೇ ಓದಿ ಹೇಳುತ್ತಾರೆ.

ಇಂತು ನಿಮ್ಮ ವಿಶ್ವಾಸಿ,
ಊರಿನ ಕನ್ನಡ ಶಾಲೆಯ ವಿಜ್ಞಾನ ಮಾಷ್ಟ್ರು, ಅಡಕೆ ಕೃಷಿಕ
ಕಾಸರಗೋಡು ಜಿಲ್ಲೆ